ತಾಳ ಹಿಡಿಯುವವರು ಯಾರು?



ಇಂಥ ಸಮ್ಮೇಳನದ ಅಧ್ಯಕ್ಷರಾದವರು ಇಡೀ ವಿದ್ಯುತ್ ಕ್ಷೇತ್ರದ ಸಮೀಕ್ಷೆ ಮಾಡುವುದು ವಾಡಿಕೆ. ಅದನ್ನು ಬದಿಗಿಟ್ಟು ಒಂದೇ ವಿಷಯ ಮಾತಾಡುತ್ತೇನೆ: ಬಿಸಿಲು, ಗಾಳಿಯ ವಿದ್ಯುತ್ತನ್ನು ಗ್ರಿಡ್‌ಗೆ ತರುವ ಕನ್ವರ್ಟರ್‌ಗಳು ಹೆಜ್ಜೆ ತಪ್ಪದಂತೆ ನೋಡಿಕೊಳ್ಳುವುದು ಹೇಗೆ, ಮತ್ತು ಅದು ಯಾರ ಹೊಣೆ.

ಮೊದಲು ತಿರುಗುವ ಯಂತ್ರಗಳನ್ನು ನೋಡೋಣ. ಶರಾವತಿ ವಿದ್ಯುದಾಗಾರದಲ್ಲಿ 103.5 ಮೆಗಾವ್ಯಾಟ್‌ನ ಹತ್ತು ಯಂತ್ರಗಳಿವೆ. ಅಂಥ ಯಂತ್ರವನ್ನು ಗ್ರಿಡ್‌ಗೆ ಸೇರಿಸುವಾಗ ಎರಡರ ಅಲೆಗಳ ಹೊಂದಾಣಿಕೆ ತೋರಿಸುವ ಸಿಂಕ್ರೋಸ್ಕೋಪಿನ ಮುಳ್ಳು ನಿಧಾನವಾಗಿ ಸುತ್ತುತ್ತ ಹನ್ನೆರಡರ ಹತ್ತಿರ ಬಂದಾಗ ಬ್ರೇಕರ್ ಹಾಕಬೇಕು. ಸೇರಿದ ಮೇಲೆ ಉಳಿದದ್ದನ್ನು ಭೌತವಿಜ್ಞಾನವೇ ನೋಡಿಕೊಳ್ಳುತ್ತದೆ. ರೋಟರ್ ತುಸು ಮುಂದೋಡಿದರೆ ಅದರ ಮೇಲಿನ ಭಾರ ಹೆಚ್ಚಿ ಹಿಂದಕ್ಕೆಳೆಯುತ್ತದೆ. ಹಿಂದೆ ಬಿದ್ದರೆ ಭಾರ ಇಳಿಯುತ್ತದೆ. ಎಲ್ಲೋ ಇನ್ನೊಂದು ಘಟಕ ಟ್ರಿಪ್ ಆದರೆ ತಿರುಗುತ್ತಿರುವ ಉಕ್ಕು ತನ್ನ ಶಕ್ತಿಯನ್ನು ಆ ಕ್ಷಣವೇ ಬಿಟ್ಟುಕೊಡುತ್ತದೆ, ಯಾರ ಅಪ್ಪಣೆಗೂ ಕಾಯದೆ.

ಆದರೆ ಬಿಸಿಲು, ಗಾಳಿಯ ವಿದ್ಯುತ್ತಿನ ಕನ್ವರ್ಟರ್, ಅಂದರೆ ಇನ್ವರ್ಟರ್‌ನೊಳಗೆ ತಿರುಗುವಂಥದ್ದು ಏನೂ ಇಲ್ಲ. ಫೇಸ್ ಲಾಕ್ಡ್ ಲೂಪ್ ಎಂಬ ಒಂದಷ್ಟು ಸಾಫ್ಟ್‌ವೇರ್ ಗ್ರಿಡ್‌ನ ವೋಲ್ಟೇಜ್ ಅಲೆಯನ್ನು ಅಳೆಯುತ್ತ, ಅದರ ಹಿಂದೆ ಹಿಂದೆಯೇ ಕರೆಂಟು ಹರಿಸುತ್ತದೆ. ಇಂದು ನಾವು ಹಾಕಿರುವ ಸೌರ ಇನ್ವರ್ಟರ್‌ಗಳು ಬಹುಪಾಲು ಈ ಜಾತಿಯವೇ. ಕೋಲಾಟದಲ್ಲಿ ತಾಳ ಹಿಡಿಯುವವನಿದ್ದರೆ ಎಷ್ಟು ಜನ ಬೇಕಾದರೂ ಕುಣಿಯಬಹುದು. ಅವನು ಎದ್ದು ಹೋಗಿ, ಎಲ್ಲರೂ ಪಕ್ಕದವನ ಕೋಲು ನೋಡಿಕೊಂಡೇ ಹೊಡೆಯತೊಡಗಿದರೆ ಏನಾದೀತು?

ಇದರ ಸುಳಿವು ಈಗಾಗಲೇ ಸಿಕ್ಕಿದೆ. 2016ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಹೊಗೆಯಿಂದ 500 ಕೆವಿ ಮಾರ್ಗಗಳಲ್ಲಿ ಫಾಲ್ಟ್‌ಗಳಾದವು. ಅವು ಕಣ್ಣು ಮಿಟುಕಿಸುವಷ್ಟರಲ್ಲಿ ನಿವಾರಣೆಯಾದವು. ಆದರೆ ಸುಮಾರು 1,200 ಮೆಗಾವ್ಯಾಟ್ ಸೌರ ಉತ್ಪಾದನೆ ಕೈಬಿಟ್ಟಿತು. ಅದರಲ್ಲಿ 700 ಮೆಗಾವ್ಯಾಟ್‌ನಷ್ಟಕ್ಕೆ ಕಾರಣ ವಿಚಿತ್ರವಾದದ್ದು. ಫಾಲ್ಟ್ ಹೊತ್ತಿನಲ್ಲಿ ಅಲೆಯ ಫೇಸ್ ಸರಕ್ಕನೆ ಜಿಗಿಯಿತು. ಇನ್ವರ್ಟರ್‌ಗಳು ಅದನ್ನು ಫ್ರೀಕ್ವೆನ್ಸಿ 57 ಹರ್ಟ್ಸ್‌ಗಿಂತ ಕೆಳಗಿಳಿಯಿತು ಎಂದು ಓದಿಕೊಂಡು ಟ್ರಿಪ್ ಆದವು. ನಿಜವಾದ ಫ್ರೀಕ್ವೆನ್ಸಿ ಅಲ್ಲಿ ಇರಬೇಕಾದ 60ರ ಆಸುಪಾಸಿನಲ್ಲೇ ಇತ್ತು. ಉಪಕರಣ ಕೆಟ್ಟಿರಲಿಲ್ಲ, ಹೇಳಿಕೊಟ್ಟಂತೆಯೇ ನಡೆದುಕೊಂಡಿತ್ತು.

ಮರು ತಿಂಗಳು, ಸೆಪ್ಟೆಂಬರ್ 28ರಂದು, ದಕ್ಷಿಣ ಆಸ್ಟ್ರೇಲಿಯಾ ರಾಜ್ಯ ಪೂರ್ತಿ ಕತ್ತಲಾಯಿತು. ಬಿರುಗಾಳಿಗೆ ಟವರ್‌ಗಳು ಉರುಳಿ, ಎರಡು ನಿಮಿಷದೊಳಗೆ ಆರು ಬಾರಿ ವೋಲ್ಟೇಜ್ ಕುಸಿಯಿತು. ಇಂತಿಷ್ಟು ಕುಸಿತಗಳಾದ ಮೇಲೆ ಉತ್ಪಾದನೆ ಇಳಿಸು ಎಂಬ ಸೆಟ್ಟಿಂಗ್ ಒಂಬತ್ತು ಗಾಳಿ ಸ್ಥಾವರಗಳಲ್ಲಿತ್ತು. 456 ಮೆಗಾವ್ಯಾಟ್ ಇಲ್ಲವಾಯಿತು, ಆ ಭಾರವೆಲ್ಲ ನೆರೆಯ ವಿಕ್ಟೋರಿಯಾ ರಾಜ್ಯದಿಂದ ಬರುವ ಕೊಂಡಿಯ ಮೇಲೆ ಬಿದ್ದು ಅದೂ ಕಳಚಿತು, ಸುಮಾರು ಎಂಟೂವರೆ ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ಅಂಥದ್ದೊಂದು ಸೆಟ್ಟಿಂಗ್ ಇದೆಯೆಂಬುದೇ ಗ್ರಿಡ್ ನಡೆಸುವವರಿಗೆ ಗೊತ್ತಿರಲಿಲ್ಲ. ಗಾಳಿವಿದ್ಯುತ್ತನ್ನು ಬೈಯಲು ಅಲ್ಲಿನ ರಾಜಕಾರಣಿಗಳಿಗೆ ಒಳ್ಳೆಯ ಅವಕಾಶ ಸಿಕ್ಕಿತು, ಅದು ಬೇರೆ ಮಾತು. ನನ್ನನ್ನು ಕಾಡುವುದು ಆ ಅಜ್ಞಾತ ಸೆಟ್ಟಿಂಗ್.

ನಮಗೇಕೆ ಚಿಂತೆ ಎಂದು ಕೇಳುವವರಿದ್ದಾರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ನೊಂದಿಗೆ ಸಿಂಕ್ರೊನೈಸ್ ಆಯಿತು. ಇಡೀ ದೇಶದ ಯಂತ್ರಗಳ ಜಡತ್ವ ನಮ್ಮ ಬೆನ್ನಿಗಿದೆ, ನಿಜ. ಅದು ಫ್ರೀಕ್ವೆನ್ಸಿಯನ್ನು ಕಾಯುತ್ತದೆ. ಆದರೆ ಹೆಜ್ಜೆ ತಪ್ಪುವುದು ಸ್ಥಳೀಯ ಕಾಯಿಲೆ. ಪಾವಗಡದಂತೆ 2,050 ಮೆಗಾವ್ಯಾಟ್ ಸೌರ ಸಾಮರ್ಥ್ಯ ಒಂದೇ ಕಡೆ ನೆರೆದಿರುವಲ್ಲಿ ಸುತ್ತಲಿನ ಜಾಲ ದುರ್ಬಲವಾದರೆ, ಇನ್ವರ್ಟರ್ ತಳ್ಳುವ ಕರೆಂಟೇ ಅದು ಅಳೆಯುವ ವೋಲ್ಟೇಜನ್ನು ಅಲುಗಾಡಿಸುತ್ತದೆ. ಗ್ರಿಡ್ಡನ್ನು ಕೇಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡು ತನ್ನ ದನಿಯನ್ನೇ ಕೇಳಿಸಿಕೊಳ್ಳತೊಡಗುತ್ತದೆ. ದೂರದ ಸಿಂಗ್ರೌಲಿಯ ಟರ್ಬೈನ್ ಅಲ್ಲಿಗೆ ಬಂದು ಕಾಪಾಡಲಾರದು.

ಕತ್ತಲೆ ಕಂಡ ದಕ್ಷಿಣ ಆಸ್ಟ್ರೇಲಿಯಾವೇ ಮುಂದೆ ದಾರಿಯನ್ನೂ ತೋರಿಸಿತು. 2021ರಲ್ಲಿ ಡೇವನ್‌ಪೋರ್ಟ್, ರಾಬರ್ಟ್ಸ್‌ಟೌನ್‌ಗಳಲ್ಲಿ ಇಂಧನವಿಲ್ಲದೆ ಗ್ರಿಡ್‌ನೊಂದಿಗೆ ತಿರುಗುತ್ತ ವೋಲ್ಟೇಜಿಗೆ ಆಸರೆಯಾಗುವ ನಾಲ್ಕು ಸಿಂಕ್ರನಸ್ ಕಂಡೆನ್ಸರ್‌ಗಳು ಓಡತೊಡಗಿದವು; 2022ರಲ್ಲಿ ಹಾರ್ನ್ಸ್‌ಡೇಲ್‌ನ 150 ಮೆಗಾವ್ಯಾಟ್ ಬ್ಯಾಟರಿ ತಾನೇ ವೋಲ್ಟೇಜ್ ಅಲೆಯನ್ನು ಹಿಡಿದು ನಿಲ್ಲಿಸುವ ಗ್ರಿಡ್ ಫಾರ್ಮಿಂಗ್ ರೀತಿಗೆ ಬಂತು. ರಾಯಚೂರಿನ ಹಳೆಯ ಕಲ್ಲಿದ್ದಲು ಘಟಕಗಳಿಗೆ ನಿವೃತ್ತಿ ಬಂದಾಗ, ಬಾಯ್ಲರ್ ಹೋಗಲಿ, ಜನರೇಟರನ್ನು ಕಂಡೆನ್ಸರ್ ಆಗಿ ಉಳಿಸಿಕೊಳ್ಳಲಾದೀತೇ ಎಂದು ಗುಜರಿಯವನನ್ನು ಕರೆಯುವ ಮೊದಲು ಲೆಕ್ಕ ಹಾಕಿ ನೋಡೋಣ. ಬ್ಯಾಟರಿ ಟೆಂಡರ್‌ಗಳಲ್ಲಿ ಗ್ರಿಡ್ ಫಾರ್ಮಿಂಗ್ ಷರತ್ತನ್ನು ಈಗಲೇ ಬರೆಯಬೇಕು. ಸ್ಥಾವರ ಎದ್ದ ಮೇಲೆ ಅದನ್ನು ಸೇರಿಸುವುದು ದುಬಾರಿ, ಜಗಳವೂ ಹೆಚ್ಚು.

ಇದಕ್ಕಿಂತ ಅಗ್ಗದ ಕೆಲಸವೊಂದಿದೆ, ನನ್ನ ಹಟ ಅದರ ಮೇಲೆಯೇ. ಪ್ರತಿ ಇನ್ವರ್ಟರ್‌ನ ಸೆಟ್ಟಿಂಗ್‌ಗಳೂ ಕಂಪ್ಯೂಟರ್ ಮಾದರಿಯೂ ಲೋಡ್ ಡಿಸ್ಪ್ಯಾಚ್ ಕೇಂದ್ರದ ಕೈಯಲ್ಲಿರಬೇಕು. ವ್ಯಾಪಾರದ ಗುಟ್ಟು ಎಂದು ತಯಾರಕರು ಗೊಣಗುತ್ತಾರೆ. ಗೊಣಗಲಿ, ಒಳಗಿನ ಕೋಡ್ ನಮಗೆ ಬೇಡ, ಅದರ ನಡವಳಿಕೆ ಬೇಕು. ಫರ್ಮ್‌ವೇರ್ ಬದಲಾದರೆ ಸೂಚನೆ ಬರಬೇಕು, ಮರುಪರೀಕ್ಷೆಯೂ ಆಗಬೇಕು.

ಗ್ರಿಡ್ ಫಾರ್ಮಿಂಗ್ ಎಂದರೆ ಸರ್ವರೋಗಕ್ಕೂ ಮದ್ದು ಎಂಬಂತೆ ಮಾತಾಡುವುದನ್ನು ಕೇಳುತ್ತಿದ್ದೇನೆ. ಫಾಲ್ಟ್ ಆದಾಗ ಸಿಂಕ್ರನಸ್ ಯಂತ್ರ ತನ್ನ ದರ್ಜೆಯ ಐದಾರು ಪಟ್ಟು ಕರೆಂಟು ಕೊಟ್ಟೀತು. ಇನ್ವರ್ಟರ್ ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಪಟ್ಟು ದಾಟಿದರೆ ಒಳಗಿನ ಅರೆವಾಹಕ ಸುಟ್ಟುಹೋಗುತ್ತದೆ. ಅದಕ್ಕೇ ಕರೆಂಟಿಗೆ ಮಿತಿ ಹಾಕುತ್ತೇವೆ. ಮಿತಿಗೆ ತಾಗಿದೊಡನೆ ಅದು ವೋಲ್ಟೇಜ್ ಹಿಡಿದು ನಿಲ್ಲುವ ಗುಣವನ್ನೇ ಕಳೆದುಕೊಳ್ಳುತ್ತದೆ, ಹೆಜ್ಜೆಯೂ ತಪ್ಪಬಹುದು. ಗ್ರಿಡ್‌ಗೆ ಇನ್ವರ್ಟರ್‌ನ ಆಸರೆ ಅತ್ಯಗತ್ಯವಾದ ಗಳಿಗೆಯೇ ಅದು.

ಈ ಬೆಳಗಿನ ಮೊದಲ ಗೋಷ್ಠಿಯಲ್ಲಿ ತರುಣ ಸಂಶೋಧಕರು ಇದಕ್ಕೆ ತಮ್ಮ ಪರಿಹಾರಗಳನ್ನು ಮಂಡಿಸಲಿದ್ದಾರೆ. ಅವರಿಗೆ ನನ್ನದೊಂದೇ ಕೋರಿಕೆ: ಸಿಮ್ಯುಲೇಷನ್ ಚಿತ್ರದ ಜೊತೆಗೆ, ನಿಜವಾದ ಕನ್ವರ್ಟರ್ ಮೇಲೆ ಫಾಲ್ಟ್ ಹಾಕಿ ತೆಗೆದ ಆಸಿಲೋಗ್ರಾಂ ಇದ್ದರೆ ಅದನ್ನೇ ಮೊದಲು ತೋರಿಸಿ. ಗೋಷ್ಠಿ ಆರಂಭಿಸೋಣ.