ಜೀವನಾಂಶಕ್ಕೆ ತೆರಿಗೆಯುಂಟೇ?



ನಾಡಹಬ್ಬದ ವೇದಿಕೆಯಲ್ಲಿ ತೆರಿಗೆಯ ಮಾತೇ, ಅದೂ ಮುರಿದ ಸಂಸಾರದ ತೆರಿಗೆಯೇ ಎಂದು ತಾವು ಹುಬ್ಬೇರಿಸಬಹುದು. ಆದರೆ ಬ್ಯಾಂಕಿನ ಗುಮಾಸ್ತನ ಮುಂದೆ ನಮ್ಮವರ ಸುಖದ ಕಾಗದಗಳಷ್ಟೇ ಬರುವುದಿಲ್ಲ. ಡೊಂಬಿವಲಿಯ ನಮ್ಮ ಹೆಣ್ಣುಮಗಳೊಬ್ಬಳು, ಬಾಂದ್ರಾದ ಕುಟುಂಬ ನ್ಯಾಯಾಲಯಕ್ಕೆ ಸಲ್ಲಿಸಬೇಕಾದ ರಾಜಿಯ ಕರಡನ್ನು ಹಿಡಿದು ಬಂದು, “ಅಣ್ಣಾ, ತಿಂಗಳಿಗೆ 20,000 ತಗೊಳ್ಳಲೋ, ಒಟ್ಟಿಗೆ 30 ಲಕ್ಷ ತಗೊಳ್ಳಲೋ? ತೆರಿಗೆ ಯಾವುದಕ್ಕೆ?” ಎಂದು ಕೇಳಿದಳು. ಬಿ.ಕಾಂ. ಓದಿದವನಾದರೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ರಾತ್ರಿ ಪುಸ್ತಕ ತೆರೆದೆ.

ದಾರಿ ತೋರಿದವು ಮುಂಬಯಿಯವೇ ಆದ ಎರಡು ಮೊಕದ್ದಮೆಗಳು. ಸೀತಲದಾಸ್ ತೀರಥದಾಸ್ ಎಂಬವರು ಇಲ್ಲಿನ ಹೈಕೋರ್ಟಿನ 1953ರ ರಾಜಿ ಡಿಕ್ರಿಯಂತೆ ಹೆಂಡತಿ ಮಕ್ಕಳಿಗೆ ಜೀವನಾಂಶ ಕೊಡುತ್ತಿದ್ದರು. ಒಂದು ವರ್ಷದ 1,350 ಹಾಗೂ ಮರುವರ್ಷದ 18,000 ರೂಪಾಯಿಗಳನ್ನು ತಮ್ಮ ಆದಾಯದಲ್ಲಿ ಕಳೆಯಬೇಕೆಂದರು. ಹೈಕೋರ್ಟು ಒಪ್ಪಿತು; 1960ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆಸ್ತಿಯ ಮೇಲೆ ಹೊರೆಯಾಗಿ ನಿಂತು ದಾರಿಯಲ್ಲೇ ಹೆಂಡತಿಯತ್ತ ಹರಿದ ಹಣ ಇದಲ್ಲ, ಮೊದಲು ಗಂಡನ ಕೈಸೇರಿ ಆಮೇಲೆ ಖರ್ಚಾದದ್ದು, ಎಂಬುದು ಕಾರಣ. ಸಂಬಳದಿಂದ ಜೀವನಾಂಶ ಕೊಡುವ ಗಂಡನಿಗೆ ಇಂದಿಗೂ ವಿನಾಯಿತಿಯಿಲ್ಲ.

ಪಡೆಯುವವಳ ಪಾಡೇನು? 1984ರಲ್ಲಿ ವರದಿಯಾದ ಪ್ರತಾಪಗಡದ ರಾಜಕುಮಾರಿ ಮಹೇಶ್ವರಿದೇವಿಯವರ ಮೊಕದ್ದಮೆಯಲ್ಲಿ ಮುಂಬಯಿ ಹೈಕೋರ್ಟು, ತಿಂಗಳು ತಿಂಗಳು ಬರುವುದು ಆದಾಯ, ಅದಕ್ಕೆ ತೆರಿಗೆಯುಂಟು; ಒಂದೇ ಸಲ ಬಂದ ಇಡುಗಂಟು ಬಂಡವಾಳ, ಅದಕ್ಕಿಲ್ಲ ಎಂದಿತು. ಒಂದೇ ಹಣಕ್ಕೆ ಗಂಡನೂ ತೆತ್ತು ಹೆಂಡತಿಯೂ ತೆರುವುದೆಂದರೆ ನನ್ನ ಲೆಕ್ಕದ ಬುದ್ಧಿಗೆ ಹಿಡಿಸದು. ಇರಲಿ.

ಹಾಗೆಂದು ತೆರಿಗೆಗೆ ಹೆದರಿ ಇಡುಗಂಟಿಗೆ ಹಾರಬೇಕಾಗಿಲ್ಲ. ತಿಂಗಳಿಗೆ 20,000 ಎಂದರೆ ವರ್ಷಕ್ಕೆ 2,40,000. 2025ರ ಏಪ್ರಿಲಿನಿಂದ ಜಾರಿಗೆ ಬಂದ ದರಗಳಂತೆ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ. ಸಂಬಳ, ಜೀವನಾಂಶ, ಬಡ್ಡಿ ಎಲ್ಲ ಕೂಡಿ 12 ಲಕ್ಷ ದಾಟದಿದ್ದರೆ ರಿಯಾಯತಿ ಕಳೆದು ತೆರಿಗೆ ಸೊನ್ನೆ. ಇತ್ತ ಇಡುಗಂಟನ್ನು ಠೇವಣಿ ಇಟ್ಟರೆ ಅದರ ಬಡ್ಡಿಯೂ ಆದಾಯವೇ.

ಇಷ್ಟನ್ನು ಹೇಳಿದಾಗ ಅವಳು ಕೇಳಿದ್ದು ಬೇರೆಯೇ: “ಮೂರನೆಯ ತಿಂಗಳು ಹಣ ಬರದಿದ್ದರೆ?” ಅದಕ್ಕೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಇಡುಗಂಟನ್ನೇ ಆರಿಸಿದಳು. ಡಿಕ್ರಿಯ ಪ್ರತಿಯನ್ನು ಜೋಪಾನವಾಗಿಡು, ಇಷ್ಟು ಹಣ ಎಲ್ಲಿಂದ ಬಂತೆಂದು ಇಲಾಖೆ ಕೇಳಿದರೆ ಅದೇ ಸಾಕ್ಷಿ ಎಂದೆ. ಠೇವಣಿಯ ಅರ್ಜಿಗೆ ತವರಿನ ಹೆಸರಿನಲ್ಲಿ ರುಜು ಹಾಕಿದಳು. ಹಳೆಯದಕ್ಕೆ ಹೊಂದಲಿಲ್ಲ; ಹೊಸ ಮಾದರಿ ರುಜು ತೆಗೆದುಕೊಂಡೆ.