ಸದನದ ಪ್ರಶ್ನೆ, ಸೇನೆಯ ಗುಟ್ಟು

(ಘಣಸೋಲಿಯಲ್ಲಿ ಕನ್ನಡಿಗರ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ರಕ್ಷಣಾ ವಿಷಯಗಳಲ್ಲಿ ಸರ್ಕಾರ ಸಂಸತ್ತಿಗೆ ಎಷ್ಟರಮಟ್ಟಿಗೆ ಉತ್ತರ ಹೇಳಬೇಕು ಎಂಬ ವಿಷಯವನ್ನು ನನಗೆ ವಹಿಸಿದ್ದೀರಿ. ನಾನು ಕೇಂದ್ರ ಸರ್ಕಾರದ ಅಧಿಕಾರಿ ಹೌದು, ರಕ್ಷಣಾ ಸಚಿವಾಲಯದವನಲ್ಲ. ಆದ್ದರಿಂದ ಗುಟ್ಟು ರಟ್ಟಾಗುವ ಭಯ ನನಗಿಲ್ಲ. ಆ ನಿರೀಕ್ಷೆ ನಿಮಗೂ ಬೇಡ. ಸಂಸತ್ತಿನ ಪ್ರಶ್ನೆಗಳಿಗೆ ಉತ್ತರದ ಕರಡು ಬರೆದ ಅನುಭವವೊಂದೇ ನನ್ನ ಬಂಡವಾಳ.

ಆ ಅನುಭವದಿಂದ ಒಂದು ಮಾತು ಹೇಳಬಲ್ಲೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮೊದಲ ಉತ್ತರ ಬರೆಯುವುದು ಕಷ್ಟವಲ್ಲ. ನಮ್ಮ ನಿದ್ದೆಗೆಡಿಸುವುದು ಪೂರಕ ಪ್ರಶ್ನೆ. ಸದಸ್ಯರು ಎದ್ದು ನಿಂತು ಮಂತ್ರಿಗಳನ್ನು ಏನು ಕೇಳಿಯಾರೋ ಎಂದು ಕಡತದ ಮೂಲೆಮೂಲೆಯನ್ನೂ ಜಾಲಾಡುತ್ತೇವೆ. 'ಮಾಹಿತಿ ಸಂಗ್ರಹಿಸಿ ಸದನದ ಮೇಜಿನ ಮೇಲೆ ಇಡಲಾಗುವುದು' ಎಂದು ಜಾರಿಕೊಂಡರೂ ಅದು ಭರವಸೆಯೆಂದು ದಾಖಲಾಗಿ, ಸರ್ಕಾರಿ ಭರವಸೆಗಳ ಸಮಿತಿ ಬೆನ್ನು ಹತ್ತುತ್ತದೆ. ಕೇಳುವವರಿದ್ದಾರೆ ಎಂಬ ಅರಿವಿನಿಂದಲೇ ಕಚೇರಿಯ ಬಹುಪಾಲು ಪ್ರಾಮಾಣಿಕತೆ ಉಳಿದಿದೆಯೆಂದರೆ ನನ್ನ ಸಹೋದ್ಯೋಗಿಗಳು ಬೇಸರಿಸಬಾರದು.

ಇನ್ನು ಸೇನೆಯ ವಿಷಯ. ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದಾಗ, 1959ರ ಆಗಸ್ಟ್ 31ರಂದು, ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಬಂದ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟರು. ನೆಹರೂ ಒತ್ತಾಯಿಸಿದ್ದರಿಂದ ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಬಿದ್ದಿತ್ತು. ಸೆಪ್ಟೆಂಬರ್ 2ರಂದು ಪ್ರಧಾನಿ ಲೋಕಸಭೆಯಲ್ಲಿ ಮುಖ್ಯವಾಗಿ ಎರಡು ಮಾತು ಹೇಳಿದರು. ನಾಗರಿಕ ಅಧಿಕಾರವೇ ಪರಮೋಚ್ಚವೆಂಬುದು ಒಂದು. ಕಾರಣಗಳು ಕ್ಷುಲ್ಲಕ, ಸ್ವಭಾವಭೇದದಿಂದ ಹುಟ್ಟಿದವು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನಾನು ತಲೆಬಾಗುತ್ತೇನೆ. ಎರಡನೆಯದು ಮಾತ್ರ ಸದನಕ್ಕೆ ಸಲ್ಲಬೇಕಾದ ಉತ್ತರವಾಗಿರಲಿಲ್ಲ. ಮೂರು ವರ್ಷ ತುಂಬಿ ಎರಡು ತಿಂಗಳಾಗುವುದರೊಳಗೆ, 1962ರ ಅಕ್ಟೋಬರ್ 20ರಂದು, ಚೀನಾ ದಾಳಿ ನಡೆಯಿತು.

ಆದರೆ ಅದೇ ನೆಹರೂ ಅವರ ಇನ್ನೊಂದು ಮುಖವನ್ನೂ ನೆನೆಯಬೇಕು. ಯುದ್ಧ ಮುಗಿದಿರಲಿಲ್ಲ. ವಿರೋಧ ಪಕ್ಷಗಳ ಬೇಡಿಕೆಗೆ ಒಪ್ಪಿ ನವೆಂಬರ್ 8ರಂದೇ ಸಂಸತ್ತಿನ ಅಧಿವೇಶನ ಕರೆದರು. ರಹಸ್ಯ ಅಧಿವೇಶನವಾಗಲಿ ಎಂಬ ಸಲಹೆ ಬಂದಾಗ ಒಪ್ಪಲಿಲ್ಲ. ಲೋಕಸಭೆಯಲ್ಲಿ 165 ಸದಸ್ಯರು ಮಾತನಾಡಿದರು, ಆಡಳಿತ ಪಕ್ಷದವರೂ ಸೇರಿ. ಇದಕ್ಕೆ ಮೊದಲೇ ಮೆನನ್ ಮಂತ್ರಿಮಂಡಲ ಬಿಟ್ಟಿದ್ದರು. ಅವರು ಇದೇ ಖಾರಿಯ ಆಚೆ ದಡದ ಉತ್ತರ ಮುಂಬಯಿಯಿಂದ ಆರಿಸಿ ಹೋದವರು. ಅವರ ಸ್ಥಾನಕ್ಕೆ ಹೋದವರು ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದ ಯಶವಂತರಾವ್ ಚವಾಣರು.

ಚವಾಣರ ಕಾಲದಲ್ಲಿ ಬಾಗಿಲು ಅರ್ಧ ಮುಚ್ಚಿತು. ಸೋಲಿನ ವಿಚಾರಣೆ ನಡೆಸಿದ ಹೆಂಡರ್ಸನ್ ಬ್ರೂಕ್ಸ್–ಭಗತ್ ವರದಿಯ ಬಗ್ಗೆ 1963ರ ಸೆಪ್ಟೆಂಬರ್ 2ರಂದು ಅವರು ಲೋಕಸಭೆಗೆ ಹೇಳಿಕೆ ಕೊಟ್ಟರು, ವರದಿ ಕೊಡಲಿಲ್ಲ. ಆ ದಿನಕ್ಕೆ ಅದನ್ನು ಒಪ್ಪೋಣ. ಶತ್ರು ಗಡಿಯಲ್ಲೇ ಇದ್ದ. 2010ರಲ್ಲೂ ರಕ್ಷಣಾ ಸಚಿವ ಆಂಟನಿಯವರು ಅದರ ವಿವರಗಳಿಗೆ ಈಗಲೂ ಸೇನಾ ಕಾರ್ಯಾಚರಣೆಯ ಮಹತ್ವವಿದೆಯೆಂದೇ ಸಂಸತ್ತಿಗೆ ತಿಳಿಸಿದರು. ನಲವತ್ತೇಳು ವರ್ಷದ ಗುಟ್ಟು! ಅದಕ್ಕೆ ಪ್ರತಿಯಾಗಿ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿಯನ್ನು, ಕೆಲವು ಭಾಗ ಬಿಟ್ಟು, 2000ದ ಫೆಬ್ರವರಿಯಲ್ಲೇ ಸಂಸತ್ತಿನಲ್ಲಿ ಮಂಡಿಸಲಾಯಿತು. ದೇಶಕ್ಕೇನೂ ಕೇಡಾಗಲಿಲ್ಲ.

ತಪ್ಪು ಯಾವಾಗಲೂ ಸರ್ಕಾರದ್ದೇ ಎಂದು ಭಾವಿಸಬೇಡಿ. ಬೊಫೋರ್ಸ್ ಪ್ರಕರಣ ನೋಡಿ. 1986ರ ಮಾರ್ಚ್ 24ರಂದು 410 ಫಿರಂಗಿಗಳಿಗೆ 1437 ಕೋಟಿ ರೂಪಾಯಿಯ ಒಪ್ಪಂದ. ಮರುವರ್ಷ ಏಪ್ರಿಲಿನಲ್ಲಿ ಸ್ವೀಡನ್ ರೇಡಿಯೋ ಲಂಚದ ಸುದ್ದಿ ಬಿತ್ತರಿಸಿತು. ಜಂಟಿ ಸಂಸದೀಯ ಸಮಿತಿಗೆ ಅಧ್ಯಕ್ಷರಾದವರು ನಮ್ಮ ಚಿಕ್ಕೋಡಿಯ ಬಿ. ಶಂಕರಾನಂದರು. ಪ್ರಮುಖ ವಿರೋಧ ಪಕ್ಷಗಳು ಸಮಿತಿಯನ್ನು ಬಹಿಷ್ಕರಿಸಿದವು. 1988ರಲ್ಲಿ ಬಂದ ವರದಿ ಮಧ್ಯವರ್ತಿಗಳಿಗೆ ಹಣ ಸಂದ ಸಾಕ್ಷ್ಯವಿಲ್ಲವೆಂದಿತು. ಭಿನ್ನಮತ ಬರೆದವರು ಅಣ್ಣಾ ಡಿಎಂಕೆಯ ಒಬ್ಬ ಸದಸ್ಯರು. ಶಂಕರಾನಂದರನ್ನು ಎಲ್ಲರೂ ದೂಷಿಸಿದರು. ಎದುರಿನ ಕುರ್ಚಿಗಳು ಖಾಲಿಯಿದ್ದ ಸಮಿತಿಯಲ್ಲಿ ಪೂರಕ ಪ್ರಶ್ನೆ ಕೇಳುವವರು ಯಾರಿದ್ದರು ಎಂದು ವಿಚಾರಿಸಿದವರು ಕಡಿಮೆ. 1989ರ ಜುಲೈಯಲ್ಲಿ ಮಹಾಲೇಖಪಾಲ ಟಿ. ಎನ್. ಚತುರ್ವೇದಿಯವರ ವರದಿ ಬಂದು, ಖರೀದಿಯ ಲೋಪಗಳನ್ನು ಎತ್ತಿ ತೋರಿತು. ಇವರೇ ಮುಂದೆ ಕರ್ನಾಟಕದ ರಾಜ್ಯಪಾಲರಾದವರು. ಆ ವರದಿಯನ್ನು ಹಿಡಿದು ಸದನದಲ್ಲಿ ಸರ್ಕಾರವನ್ನು ಕಾಡಬೇಕಾದ ಹೊತ್ತಿನಲ್ಲಿ ವಿರೋಧಿ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟು ಹೊರನಡೆದರು. ಚುನಾವಣೆಗೆ ಅದು ಒದಗಿಬಂತು. ಲೆಕ್ಕಕ್ಕೆ ಒದಗಲಿಲ್ಲ.

ಮುಂಬಯಿ ಕನ್ನಡಿಗರಿಗೆ ಜಾರ್ಜ್ ಫರ್ನಾಂಡಿಸರನ್ನು ಪರಿಚಯಿಸಬೇಕಾಗಿಲ್ಲ. ಮಂಗಳೂರಿನಲ್ಲಿ ಹುಟ್ಟಿ, ಇಲ್ಲಿನ ಕಾರ್ಮಿಕರ ನಾಯಕರಾಗಿ, 1967ರಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದವರು. ಆಡಳಿತಗಾರರನ್ನು ಪ್ರಶ್ನಿಸುವುದೇ ಅವರ ಬದುಕಾಗಿತ್ತು. ತೆಹೆಲ್ಕಾ ಪ್ರಕರಣದಿಂದ 2001ರ ಮಾರ್ಚಿನಲ್ಲಿ ರಕ್ಷಣಾ ಖಾತೆ ಬಿಟ್ಟು ಅಕ್ಟೋಬರಿನಲ್ಲಿ ಮರಳಿದಾಗ, ವಿರೋಧ ಪಕ್ಷದವರು ಸದನದಲ್ಲಿ ಅವರ ಮಾತನ್ನೇ ಕೇಳುವುದಿಲ್ಲವೆಂದು ಹಟ ಹಿಡಿದರು. ಡಿಸೆಂಬರಿನಲ್ಲಿ ಕಾರ್ಗಿಲ್ ಖರೀದಿಯ ಬಗ್ಗೆ ಮಹಾಲೇಖಪಾಲರ ವರದಿ ಬಂತು. ಶವಪೆಟ್ಟಿಗೆಯ ಕೂಗು ಮುಗಿಲು ಮುಟ್ಟಿತು; ಆ ಮೊಕದ್ದಮೆಯಲ್ಲಿ ಕೊನೆಗೆ ಆರೋಪಿಗಳು ಬಿಡುಗಡೆಯಾದರು. ವರದಿಯಲ್ಲಿದ್ದ ಇನ್ನೂ ಗಂಭೀರವಾದ ಮಾತೆಂದರೆ, ತುರ್ತೆಂದು ಕೊಂಡ ಸಾಮಗ್ರಿಯ ಬಹುಪಾಲು ತಲುಪಿದ್ದು ಯುದ್ಧ ಮುಗಿದ ಮೇಲೆ. ಹೀಗೇಕಾಯಿತೆಂದು ಎದ್ದು ನಿಂತು, ಎರಡನೆಯ ಸಲ, ಮೂರನೆಯ ಸಲ ಮಂತ್ರಿಗಳನ್ನೇ ಕೇಳಬೇಕಿತ್ತು. ಮುಖ ತಿರುಗಿಸಿ ಕುಳಿತವರು ಕೇಳುವುದು ಹೇಗೆ?

ಹತ್ತಿರದ ಮಾತೊಂದನ್ನು ಹೇಳಿ ನಿಲ್ಲಿಸುತ್ತೇನೆ. 1993ರಿಂದ ಇರುವ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆ ಭೂಸೇನೆಯ ಉಪಮುಖ್ಯಸ್ಥರು, ತಮ್ಮ ಸಲಕರಣೆಗಳಲ್ಲಿ ಶೇಕಡಾ 68ರಷ್ಟು ಹಳೆಯ ಕಾಲದವು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅಧ್ಯಕ್ಷರಾಗಿದ್ದವರು ನಿವೃತ್ತ ಮೇಜರ್ ಜನರಲ್ ಖಂಡೂರಿ, ಆಡಳಿತ ಪಕ್ಷದವರೇ. ಆ ವರದಿ ಸಂಸತ್ತಿನ ಮುಂದೆ ಬಂದದ್ದು 2018ರ ಮಾರ್ಚ್ 13ರಂದು. ಮರುದಿನ, ಒಂದೆಡೆ ಗದ್ದಲ ನಡೆದಿರುವಾಗಲೇ, ರಕ್ಷಣೆಯದೂ ಸೇರಿದಂತೆ ಎಲ್ಲ ಇಲಾಖೆಗಳ ಅನುದಾನ ಬೇಡಿಕೆಗಳನ್ನು ಲೋಕಸಭೆ ಚರ್ಚೆಯಿಲ್ಲದೆ ಅಂಗೀಕರಿಸಿತು.