ಅಲ್ಚೀನಾಳ ಎರಡು ಕೋಣೆಗಳು



ಬರೋಕ್ ಒಪೆರಾಗಳನ್ನು ಇಂದು ರಂಗಕ್ಕೆ ತರುವವರು ಹೆಣ್ಣಿನ ಬಯಕೆಯನ್ನು ಹೇಗೆ ಕಾಣುತ್ತಾರೆ? ಹ್ಯಾಂಡೆಲ್‌ನ 'ಅಲ್ಚೀನಾ' (1735) ನಾಟಕದ ನಾಯಕಿ, ಸಾಕಾದ ಪ್ರಿಯಕರರನ್ನು ಮೃಗಗಳನ್ನಾಗಿಸುವ ಮಾಟಗಾತಿ. ಕಥೆ ಅವಳ ಸೋಲನ್ನು ಬಯಸುತ್ತದೆ. ಆದರೆ ರುಜ್ಜೇರೋ ಕೈಬಿಟ್ಟನೆಂದು ತಿಳಿದಾಗ ಅವಳು ಹಾಡುವ ದೀರ್ಘ ಏರಿಯಾದಲ್ಲಿ ಸಂಗೀತ ಅವಳ ಪಕ್ಷ ವಹಿಸುತ್ತದೆ.

2015ರಲ್ಲಿ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಉತ್ಸವಕ್ಕಾಗಿ ಇದನ್ನು ನಿರ್ದೇಶಿಸಿದ ಕೇಟಿ ಮಿಚೆಲ್, ನಡುವಿನ ಬೆಳಕಿನ ಕೋಣೆಯಲ್ಲಿ ಅಲ್ಚೀನಾ ಮತ್ತು ತಂಗಿ ಮೋರ್ಗಾನಾರನ್ನು ಯುವತಿಯರಾಗಿ ತೋರಿಸಿದರು. ಪಕ್ಕದ ಮಬ್ಬುಕೋಣೆಗೆ ದಾಟಿದೊಡನೆ ಗಾಯಕಿಯರ ಬದಲು ವಯಸ್ಸಾದ ನಟಿಯರು. ಮಂಚದ ಕಾಮವನ್ನು ಮುಚ್ಚುಮರೆಯಿಲ್ಲದೆ ತೋರಿಸಿದ್ದು ಹೆಚ್ಚೇನಲ್ಲ. ಯೂರೋಪಿನ ರಂಗಭೂಮಿಗೆ ಅದೀಗ ರೂಢಿ. ನನ್ನನ್ನು ಕಾಡುವುದು ಆ ಬಾಗಿಲು. ಮುದುಕಿಗೂ ಬಯಕೆಯುಂಟೆಂದು ಒಪ್ಪಿದ ಪ್ರಯೋಗವೇ, ಅದನ್ನು ಅನುಭವಿಸಲು ಅವಳಿಗೆ ಯೌವನದ ಮೈಯನ್ನು ಎರವಲು ಕೊಡುತ್ತದೆ. ಮಬ್ಬುಕೋಣೆಯ ಮೈಯಲ್ಲೇ ಅವಳು ಪ್ರಣಯಿಯಾಗಬಾರದೇ?